ಬಸ್ಸಮ್ಮ ದೊಡ್ಡವ್ವ ಬಂದೂಕು ಕಲಿತದ್ದು

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಗೆರೆಯ ಮೇಲೆ ನಿಲ್ಲುವುದಿಲ್ಲ, ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ. ಒಂಬತ್ತನೆಯ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವಳು ನಾನು. ಸರಿಯಾದ ಮಾತು ಹೊಳೆಯದ ಕಡೆ ನನಗೆ ಗೊತ್ತಿದ್ದ ಮಾತನ್ನೇ ಬರೆದಿದ್ದೇನೆ. ನಮ್ಮೂರು ದಢೇಸುಗೂರಿನ ಗ್ರಂಥಾಲಯದ ಗೋಪಣ್ಣ ಸರ್ ಅವರು ಊರಿನ ಯಾರಾದರೂ ಒಬ್ಬರ ಬಗ್ಗೆ ಬರೆದುಕೊಡು, ಗೋಡೆಪತ್ರಿಕೆಗೆ ಅಂಟಿಸುತ್ತೇನೆ ಎಂದರು. ಎರಡು ಸಲ ಬರೆದು ಹರಿದೆ. ಇದು ಮೂರನೆಯದು. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬರೆದಿದ್ದೇನೆ. ಕೂಡಿಸಿದ್ದು ಏನೂ ಇಲ್ಲ.

ಬಸ್ಸಮ್ಮ ನನ್ನ ಅಪ್ಪನ ಅಣ್ಣ ಹುಸೇನಪ್ಪನವರ ಹೆಂಡತಿ, ನನಗೆ ದೊಡ್ಡವ್ವ. ಅವಳ ತವರು ಬಳಗಾನೂರು. ಶಾಲೆಯ ಮುಖ ನೋಡಿದವಳಲ್ಲ. ಹನ್ನೆರಡನೆಯ ವಯಸ್ಸಿಗೆ ಭತ್ತದ ನಾಟಿಗೆ ಹೋಗತೊಡಗಿದಳಂತೆ. ಅವಳು ಎಡಚಿ. ಕೊಯ್ಲಿನಲ್ಲಿ ಅವಳ ಕುಡುಗೋಲು ಉಳಿದವರ ಕುಡುಗೋಲಿಗೆ ಎದುರಾಗಿ ಬರುತ್ತದೆ ಎಂದು ಹೆಂಗಸರು ಅವಳನ್ನು ಯಾವಾಗಲೂ ಸಾಲಿನ ಕೊನೆಗೆ ನಿಲ್ಲಿಸುತ್ತಿದ್ದರಂತೆ. ಇದನ್ನು ಅವಳೇ ನಗುತ್ತ ಹೇಳುತ್ತಾಳೆ. ಮದುವೆಯಾಗಿ ನಮ್ಮೂರಿಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಮಕ್ಕಳಾಗಲಿಲ್ಲ. ನಾನು ನಡೆಯುವುದು ಕಲಿತಾಗಿನಿಂದ ಅವಳ ಪಕ್ಕದಲ್ಲೇ ಮಲಗುತ್ತೇನೆ.

ನಮ್ಮ ಹೊಲ ಕಾಲುವೆಯ ಪಕ್ಕದಲ್ಲಿದೆ. ಭತ್ತ ತೆನೆ ಕಟ್ಟುವ ಹೊತ್ತಿಗೆ ಜಾಲಿಯ ಮೆಳೆಯಿಂದ ಕಾಡುಹಂದಿಗಳು ಬರುತ್ತವೆ. ತಿನ್ನುವುದಕ್ಕಿಂತ ತುಳಿಯುವುದೇ ಹೆಚ್ಚು. ಅದಕ್ಕೇ ದೊಡ್ಡಪ್ಪ ಬೆಳೆ ಕಾಯುವ ಬಂದೂಕಿಗೆ ಲೈಸೆನ್ಸ್ ಮಾಡಿಸಿದ್ದರು. ಎರಡು ನಳಿಗೆಯ ಹಳೆಯ ಬಂದೂಕು. ಪಡಸಾಲೆಯ ಗೋಡೆಯ ಗೂಟಕ್ಕೆ ಮೂತಿ ಮೇಲೆ ಮಾಡಿ ತೂಗುಹಾಕುತ್ತಿದ್ದರು. ಅದರ ಕೆಳಗೇ ನಾವು ಊಟಕ್ಕೆ ಕೂಡುತ್ತಿದ್ದೆವು.

ಹೋದ ದೀಪಾವಳಿ ಮುಗಿದ ವಾರ ದೊಡ್ಡಪ್ಪ ಎದೆನೋವಿನಿಂದ ತೀರಿಕೊಂಡರು. ದಿನಕರ್ಮಗಳೆಲ್ಲ ಆದ ಮೇಲೆ ಅಪ್ಪ ಒಂದು ಬೆಳಿಗ್ಗೆ ಟೈಪು ಮಾಡಿಸಿದ ಕಾಗದ ಹಿಡಿದು ಬಂದರು. ಅಪ್ಪನ ಹೆಸರು ಕರಿಬಸಪ್ಪ.

"ಅತ್ತಿಗಿ, ಇಲ್ಲೊಂದು ಸಹಿ ಹಾಕು. ಅಣ್ಣನ ಬಂದೂಕ ನನ್ನ ಹೆಸರಿಗೆ ಆಗತೈತಿ. ನಿನ್ನ ಒಪ್ಪಿಗಿ ಬೇಕಂತ."

ದೊಡ್ಡವ್ವ ಅಕ್ಕಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡಲಿಲ್ಲ. "ಹೊಡಿಯಾಕ ಬರತೈತೇನು ನಿನಗ?"

"ಕೈಗೆ ಬಂದಮ್ಯಾಲ ತಾನ ಬರತೈತಿ. ಮೋಟರ್ ಸೈಕಲ್ ತಂದಮ್ಯಾಲ ಕಲೀಲಿಲ್ಲೇನು?"

"ಕಲತಿ. ಕಲಿಯಾಕ ಹೋಗಿ ಕಾಲುವ್ಯಾಗ ಬಿದ್ದಿ. ಅದನ್ನೂ ಹೇಳು."

"ಇದೂ ಅದೂ ಒಂದ ಏನು ಅತ್ತಿಗಿ?"

"ಒಂದ ಅಲ್ಲ, ಅದಕ್ಕ ಕೇಳಾಕತ್ತೀನಿ. ಮಸ್ಕ್ಯಾಗ ನಮ್ಮ ತಂಗಿ ಓಣ್ಯಾಗ ನನ್ನೇಸಾಬ ಕಾಕಾ ಅದಾರ. ಬಂದೂಕ ತಗೊಳ್ಳೋರು ಮೊದಲ ಅವರ ಕಡೆ ಹೋಗ್ತಾರಂತ. ಅವರು ಬಂದು ನೋಡಲಿ. ಆಮ್ಯಾಲ ಸಹಿ."

ನನ್ನೇಸಾಬ ಕಾಕಾ ಬ್ಯಾಂಕಿನ ಕಾವಲುಗಾರರಾಗಿದ್ದು ನಿವೃತ್ತರಾದವರು. ಮೂರು ದಿನ ಬಿಟ್ಟು ಹತ್ತು ಗಂಟೆಯ ಬಸ್ಸಿಗೆ ಬಂದಿಳಿದರು. ಕೈಚೀಲದಲ್ಲಿ ಉದ್ದನೆಯ ಕಡ್ಡಿ, ಹಳೆಯ ಲುಂಗಿಯ ತುಂಡು ಇದ್ದವು. ದೊಡ್ಡವ್ವ ಚಹಾ ಇಟ್ಟಳು. "ಮೊದಲ ಅದು, ಆಮ್ಯಾಲ ಚಾ" ಎಂದರು.

ಅಷ್ಟರಲ್ಲಿ ಅಪ್ಪ ಬಂದೂಕನ್ನು ಗೂಟದಿಂದ ಇಳಿಸಿ ಹೆಗಲಿಗೆ ಹಚ್ಚಿ, ಅಂಗಳದಲ್ಲಿ ಕಟ್ಟಿದ್ದ ಆಕಳಿನ ಕಡೆ ಗುರಿ ಹಿಡಿದು ನಕ್ಕರು. "ಹಿಂಗ ಹಿಡಿತಿದ್ದ ನಮ್ಮಣ್ಣ."

"ನಕ್ಕೊ ಬಾಬಾ, ಬ್ಯಾಡ," ಎಂದರು ಕಾಕಾ. ದನಿ ಏರಿಸಲಿಲ್ಲ. "ಅದರ ಮೂತಿ ಮಣ್ಣಿನ ಕಡೆ ಮಾಡ್ರಿ. ಬೆರಳು ತಗೀರಿ ಅಲ್ಲಿಂದ."

"ಖಾಲಿ ಐತ್ರಿ ಕಾಕಾ."

"ಯಾರು ನೋಡ್ಯಾರ?"

ಅಪ್ಪ ನಮ್ಮ ಮುಖ ನೋಡಿದರು. ನಾವು ಅಪ್ಪನ ಮುಖ ನೋಡಿದೆವು. ಯಾರೂ ನೋಡಿರಲಿಲ್ಲ.

ಕಾಕಾ ನಮ್ಮನ್ನೆಲ್ಲ ತಮ್ಮ ಹಿಂದೆ ಕೂರಿಸಿದರು. ಬಂದೂಕನ್ನು ಅಂಗಳದ ತಿಪ್ಪೆಯ ಕಡೆ ತಿರುಗಿಸಿ, ಮೇಲಿನ ಕೀಲು ಒತ್ತಿ, ನಡುವಿಗೆ ಬಗ್ಗಿಸಿದರು. ಬಲಗಡೆಯ ನಳಿಗೆಯಿಂದ ಒಣಗಿದ ಕಸ ಜಾರಿಬಿತ್ತು. ಅದು ಖಾಲಿ. ಆಚೆಯ ಬೆಳಕು ಕಾಣಿಸಿತು. ಎಡಗಡೆಯದರಲ್ಲಿ ಬೆಳಕು ಕಾಣಲಿಲ್ಲ. ಅದರಲ್ಲಿ ಹಿತ್ತಾಳೆಯ ಒಂದು ದುಂಡು ಹೊಳೆಯಿತು, ಅಂಚಿಗೆ ಹಸಿರು ಕಿಲುಬು ಹಿಡಿದಿತ್ತು. ಕಾಕಾ ಅದನ್ನು ಉಗುರಿನಿಂದ ಎಬ್ಬಿಸಿ ಹೊರಗೆ ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. ಕೆಂಪು ಕವಚದ ತೋಟಾ. ಇನ್ನೂ ಹೊಡೆದಿರದ ತೋಟಾ. ಅದರ ಹಿಂದೆಯೇ ನಳಿಗೆಯಿಂದ ಏನೋ ಪುಡಿಪುಡಿಯಾಗಿ ಉದುರಿತು. ಕಡ್ಡಿ ತೂರಿಸಿದಾಗ ಇನ್ನಷ್ಟು ಬಂತು. ಕಪ್ಪಗಾದ ಒಂದು ಮುದ್ದೆ, ಅದರ ಮೇಲೆ ಕಂದು ಬಣ್ಣದ ಇನ್ನೊಂದು.

"ಇದೇನಿದು?" ಎಂದು ಕಾಕಾ ಮೂಸಿ ನೋಡಿದರು.

ನನಗೆ ಅದು ಏನೆಂದು ಗೊತ್ತಿತ್ತು. ಚೆಂಡುಹೂವು.

ಮಹಾನವಮಿಯ ದಿನ ನಮ್ಮ ಮನೆಯಲ್ಲಿ ಕುಡುಗೋಲು, ಸಲಿಕೆ, ಔಷಧಿ ಹೊಡೆಯುವ ಪಂಪು, ಮೋಟರ್ ಸೈಕಲ್ ಎಲ್ಲವನ್ನೂ ತೊಳೆದು ಪೂಜೆ ಮಾಡುತ್ತೇವೆ. ಬಂದೂಕಿಗೆ ವಿಭೂತಿ ಹಚ್ಚಿ, ಎರಡು ನಳಿಗೆಯ ಬಾಯಿಗೂ ಒಂದೊಂದು ಹೂವು ಇಡುವುದು ನಮ್ಮ ಮನೆಯ ಪದ್ಧತಿ. ಮನೆಯ ಮದುವೆಯಾಗದ ಹೆಣ್ಣುಮಗಳೇ ಇಡಬೇಕು. ಮೊದಲು ನಮ್ಮ ಸೋದರತ್ತೆ ಇಡುತ್ತಿದ್ದಳಂತೆ. ಏಳನೆಯ ವರ್ಷದಿಂದ ನಾನು ಇಡುತ್ತೇನೆ. ಹೂವು ಬೀಳಬಾರದೆಂದು ಹೆಬ್ಬೆರಳಿನಿಂದ ಒಳಗೆ ಒತ್ತುತ್ತೇನೆ. ಆಮೇಲೆ ಬಗ್ಗಿ ಆ ಬಾಯಿಯನ್ನು ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತೇನೆ. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಕಬ್ಬಿಣ ತಣ್ಣಗಿರುತ್ತದೆ. ಬಂದೂಕು ಜಾರದಂತೆ ಯಾರಾದರೂ ಹಿಂದೆ ಹಿಡಿದುಕೊಂಡಿರುತ್ತಾರೆ. ಎರಡು ವರ್ಷದಿಂದ ಅಪ್ಪ ಹಿಡಿಯುತ್ತಿದ್ದರು.

ಇದನ್ನು ಕಾಕಾಗೆ ದೊಡ್ಡವ್ವ ಹೇಳಿದಳು. ಒಳಗೆ ಹೋಗಿ ಅವಳು ತೋಟಾ ಇಟ್ಟಿದ್ದ ತಗಡಿನ ಡಬ್ಬಿ ತಂದಳು. ಹೋದ ಲೋಕಸಭಾ ಚುನಾವಣೆಯಲ್ಲಿ ಎಲ್ಲರ ಬಂದೂಕುಗಳನ್ನೂ ಠಾಣೆಯಲ್ಲಿ ಇರಿಸಿಕೊಂಡಿದ್ದರು. ಮರಳಿ ಕೊಟ್ಟ ಮೇಲೆ ದೊಡ್ಡಪ್ಪ ಐದು ತೋಟಾ ತಂದಿದ್ದರು. ಡಬ್ಬಿಯಲ್ಲಿ ಮೂರು ಇದ್ದವು. ಅದಾದ ಮೇಲೆ ಅವರು ಹಂದಿ ಬೆದರಿಸಲು ಒಂದೇ ಒಂದು ಸಲ ಹೊಡೆದದ್ದನ್ನು ಊರೆಲ್ಲ ಕೇಳಿತ್ತು. ಐದನೆಯದು ಎಲ್ಲಿ ಎಂದು ಯಾರೂ ಕೇಳಿರಲಿಲ್ಲ. ಎರಡು ತುಂಬಿ, ಒಂದು ಹೊಡೆದು, ಅದರ ಖಾಲಿ ಕವಚ ಅಷ್ಟೇ ತೆಗೆದು, ಹಾಗೇ ಗೂಟಕ್ಕೆ ಹಾಕಿದ್ದರು.

"ಎರಡು ಹೂವು ಅಂದ್ರ ಎರಡು ಮಹಾನವಮಿ," ಎಂದು ಕಾಕಾ ತಮ್ಮಷ್ಟಕ್ಕೆ ಹೇಳಿಕೊಂಡರು. ನನ್ನ ಕಡೆ ನೋಡಿದರು. "ಕೂತ್ಕೋ ಬೇಟಿ. ನಿಲ್ಲಬ್ಯಾಡ."

ನಾನು ಕುಳಿತೇ ಇದ್ದೆ. ಅವರಿಗೆ ಹಾಗೆ ಏಕೆ ಕಂಡಿತೋ ಗೊತ್ತಿಲ್ಲ. ಎದ್ದು ಹಿತ್ತಲಿಗೆ ಹೋದೆ. ಒಂದು ಚೆಂಬು ನೀರು ಕುಡಿದೆ. ಎಡಗಣ್ಣಿನ ರೆಪ್ಪೆ ತಣ್ಣಗಾದಂತೆ ಅನಿಸುತ್ತಿತ್ತು. ತಿರುಗಿ ಬಂದಾಗ ಅಪ್ಪ ಗೋಡೆಗೆ ಒರಗಿ ತಮ್ಮ ಬಲಗೈ ಬೆರಳುಗಳನ್ನೇ ನೋಡುತ್ತಿದ್ದರು. ಪೂಜೆಯ ದಿನ ಅಪ್ಪ ಬಂದೂಕನ್ನು ಎಲ್ಲಿ ಹಿಡಿದಿದ್ದರು ಎಂದು ನಾನು ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ಕಾಕಾ ಇನ್ನೊಂದು ಮಾತು ಹೇಳಿದರು. ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೆ ಬಂದೂಕು ಮನೆಯಲ್ಲಿ ಇರಬಾರದು, ಠಾಣೆಗೆ ಒಪ್ಪಿಸಬೇಕು. ಅದೂ ನಮಗೆ ಗೊತ್ತಿರಲಿಲ್ಲ. ಅವತ್ತೇ ಅಪ್ಪ ಮತ್ತು ದೊಡ್ಡವ್ವ ಕಾಕಾನ ಜೊತೆ ಹೋಗಿ ಒಪ್ಪಿಸಿ ರಸೀದಿ ತಂದರು. ಕೀಲು ಸಡಿಲಾಗಿದ್ದ ಆ ಹಳೆಯ ಬಂದೂಕಿನ ಬದಲು ಹೊಸದನ್ನೇ ಕೊಳ್ಳುತ್ತೇನೆ ಎಂದು ಅಪ್ಪ ದಾರಿಯಲ್ಲೇ ಹೇಳಿದರಂತೆ. ಅದಕ್ಕೂ ದೊಡ್ಡವ್ವನ ಒಪ್ಪಿಗೆ ಬೇಕಿತ್ತು, ಏಕೆಂದರೆ ಬೆಳೆ ಕಾಯುವ ಬಂದೂಕಿಗೆ ಹೊಲದ ಕಾಗದ ಬೇಕು, ಹೊಲ ಇನ್ನೂ ದೊಡ್ಡಪ್ಪನ ಹೆಸರಿನಲ್ಲೇ ಇದೆ.

"ಕೊಳ್ಳೋದು ಆಮ್ಯಾಲಿನ ಮಾತು," ಎಂದಳಂತೆ ದೊಡ್ಡವ್ವ. "ಮೊದಲ ಕಲಿ. ನಾನೂ ಕಲೀತೀನಿ. ಕಲಿತ ಮ್ಯಾಲ ನನಗ ಒಪ್ಪಿಗಿ ಆದ್ರ ನಾನ ಸಹಿ ಹಾಕತೀನಿ."

"ನೀನಾ?"

"ನಾನ. ಯಾಕ, ಹಂದಿ ನಿನ್ನ ಪಾಲಿನ ಭತ್ತ ಅಷ್ಟ ತಿಂತಾವೇನು?"

ಬೇಸಿಗೆಯ ಭತ್ತ ನಾಟಿ ಮಾಡಿ ಎರಡು ತಿಂಗಳಾದ ಮೇಲೆ ನಾವು ಮೂವರೂ ಮಸ್ಕಿಗೆ ಹೋಗಿ ದೊಡ್ಡವ್ವನ ತಂಗಿ ಚಿಕ್ಕವ್ವನ ಮನೆಯಲ್ಲಿ ಉಳಿದೆವು. ಬರೆದುಕೊಳ್ಳಲು ನಾನು. ದೊಡ್ಡವ್ವನಿಗೆ ಸಹಿ ಮಾತ್ರ ಬರುತ್ತದೆ.

ಕಾಕಾನ ಅಂಗಳದಲ್ಲಿ ಮೊದಲ ನಾಲ್ಕು ದಿನ ಬಂದೂಕೇ ಇರಲಿಲ್ಲ. ಇಬ್ಬರಿಗೂ ಒಂದೊಂದು ಬಡಿಗೆ ಕೊಟ್ಟರು. ಬಡಿಗೆಯ ಒಂದು ತುದಿಗೆ ಸುಣ್ಣ ಬಳಿದಿತ್ತು, ಅದು ಮೂತಿ. ಅದನ್ನು ಹಿಡಿದು ನಡೆಯಬೇಕು, ಕೂಡಬೇಕು, ಏಳಬೇಕು, ಬೇರೆಯವರ ಕೈಗೆ ಕೊಡಬೇಕು, ತಗೋಬೇಕು. ಸುಣ್ಣದ ತುದಿ ಯಾವ ಮನುಷ್ಯನ ಕಡೆಗೂ, ಯಾವ ಪ್ರಾಣಿಯ ಕಡೆಗೂ ತಿರುಗಬಾರದು. ತಿರುಗಿದರೆ ಆ ದಿನದ ಲೆಕ್ಕ ಹೋಯಿತು, ಮತ್ತೆ ಮೊದಲಿನಿಂದ.

ಅಪ್ಪ ಮೊದಲ ದಿನ ಸುಣ್ಣದ ತುದಿಯನ್ನು ಒಂದು ಕೋಳಿಗೆ, ಚಿಕ್ಕವ್ವನಿಗೆ, ಕಾಕಾಗೆ ಮೂರು ಸಲ ಹಿಡಿದರು. ಕಾಕಾನ ಹೆಂಡತಿ ಗುಲ್ಷನ್‌ಬೀ ಚಹಾ ತಂದವರು ಆ ತುದಿ ತಮ್ಮ ಕಡೆ ತಿರುಗಿದ್ದು ಕಂಡು ಬಾಗಿಲಲ್ಲೇ ನಿಂತು, "ಕರಿಬಸಪ್ಪಣ್ಣಾ, ನಾ ಬರ್ಲೇನು, ಕೊಲ್ತೀಯೇನು?" ಎಂದು ಕೇಳಿದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಒಂದು ದಿನದಲ್ಲಿ ಅಪ್ಪ ಆರು ಸಲ ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಅದರಲ್ಲಿ ಐದು ಸಲ ಮನುಷ್ಯರ ಕಡೆ.

ನಾನು ಬರೆದುಕೊಂಡದ್ದರಲ್ಲಿ ಮುಖ್ಯವಾದದ್ದು ಇಷ್ಟು. ಬಂದೂಕು ಯಾರ ಕೈಯಿಂದ ಬಂದರೂ, ಯಾರು ಖಾಲಿ ಎಂದರೂ, ತೆರೆದು ಕಣ್ಣಿನಿಂದ ನೋಡಬೇಕು. ಎರಡು ನಳಿಗೆ ಇದ್ದರೆ ಎರಡನ್ನೂ ನೋಡಬೇಕು. ಹೊಡೆಯುವ ಗಳಿಗೆ ಬರುವವರೆಗೆ ಬೆರಳು ಕುದುರೆಯ ಹತ್ತಿರ ಹೋಗಬಾರದು. (ಒತ್ತಿದರೆ ಗುಂಡು ಹಾರುವ ಕೀಲಿಗೆ ಕುದುರೆ ಎನ್ನುತ್ತಾರೆ.) ನಳಿಗೆಯಲ್ಲಿ ಹೂವು, ಮಣ್ಣು, ಬಟ್ಟೆ ಏನು ಸಿಕ್ಕಿಕೊಂಡಿದ್ದರೂ ಹೊಡೆದಾಗ ನಳಿಗೆಯೇ ಒಡೆದು ಹಿಡಿದವನ ಮುಖಕ್ಕೆ ಬರಬಹುದು. ಬಂದೂಕು ಒಂದು ಕಡೆ ಬೀಗದಲ್ಲಿ, ತೋಟಾ ಇನ್ನೊಂದು ಕಡೆ ಬೀಗದಲ್ಲಿ ಇರಬೇಕು. ಇವನ್ನು ಓದಿ ಹೇಳಿದಾಗ ದೊಡ್ಡವ್ವ ಬೆರಳು ಮಡಚಿ, "ನಾವು ಇದರಾಗ ಒಂದೂ ಮಾಡಿಲ್ಲ ನೋಡು. ಒಂದೂ" ಎಂದಳು.

ಆಮೇಲೆ ಲಿಂಗಸುಗೂರಿನಲ್ಲಿ ಪೊಲೀಸರು ಊರವರಿಗಾಗಿ ಹತ್ತು ದಿನದ ಬಂದೂಕು ತರಬೇತಿ ಇಟ್ಟಿದ್ದರು. ಲೈಸೆನ್ಸ್ ಕೇಳುವವರಿಗೆ ಅಲ್ಲಿಯ ಪ್ರಮಾಣಪತ್ರ ಬೇಕಾಗುತ್ತದೆ ಎಂದು ಕಾಕಾ ಹೇಳಿದರು. ದಿನಾ ಬೆಳಿಗ್ಗೆ ಆರರ ಬಸ್ಸಿಗೆ ಮಸ್ಕಿಯಿಂದ ಹೋಗುತ್ತಿದ್ದೆವು. ನನಗೆ ಇನ್ನೂ ಹದಿನೇಳು, ಮೈದಾನದ ಒಳಗೆ ಬಿಡಲಿಲ್ಲ. ತಂತಿಯ ಹೊರಗೆ ಬೇವಿನ ಗಿಡದ ಕೆಳಗೆ ಚೀಲ ಕಾಯುತ್ತ ಕುಳಿತುಕೊಳ್ಳುತ್ತಿದ್ದೆ. ಮಾತು ಕೇಳಿಸುವಷ್ಟು ಹತ್ತಿರವಿತ್ತು.

ಇಪ್ಪತ್ತೆರಡು ಜನರಲ್ಲಿ ಹೆಂಗಸರು ಇಬ್ಬರೇ. ಎರಡು ದಿನ ಬಂದೂಕಿನ ಭಾಗಗಳ ಹೆಸರು ಹೇಳಿಸುವುದು, ಬಿಚ್ಚುವುದು, ಒರೆಸುವುದು, ಜೋಡಿಸುವುದು. ಮೂರನೆಯ ದಿನ ನೆಲದ ಮೇಲೆ ಬೋರಲಾಗಿ ಮಲಗಿ ಉಸಿರು ಹಿಡಿಯುವುದು. ಅವತ್ತು ಅಪ್ಪ ಎದ್ದು ಅಂಗಿಯ ಮಣ್ಣು ಝಾಡಿಸಿಕೊಂಡು ಹೊರಗೆ ನನ್ನ ಹತ್ತಿರ ಬಂದರು.

"ಉಸಿರಾಡಾಕ ಕಲಿಸಾಕತ್ತಾರಲೇ ಪಂಪಾ. ನಲವತ್ತು ವರ್ಷದಿಂದ ಆಡಾಕತ್ತೀನಿ ನಾನು. ಊರಿಗೆ ಹೊಂಟೆ. ಹೊಲಕ್ಕ ನೀರು ಬಿಡಬೇಕು."

ದೊಡ್ಡವ್ವ ತಿರುಗಿ ನೋಡಲಿಲ್ಲ. ಅವಳಿಗೆ ಆಗ ಬೇರೆಯದೇ ಕಷ್ಟ. ತರಬೇತಿ ಕೊಡುವ ಹವಾಲ್ದಾರರು ರೈಫಲ್ಲನ್ನು ಬಲ ಹೆಗಲಿಗೆ ಇಡಿ ಎನ್ನುತ್ತಿದ್ದರು. ಅವಳಿಗೆ ಗುರಿ ಎರಡಾಗಿ ಕಾಣುತ್ತಿತ್ತು. ಎರಡು ದಿನ ಬೈಸಿಕೊಂಡಳು. ಸಂಜೆ ಕಾಕಾಗೆ ಹೇಳಿದಾಗ ಅವರು, ಎರಡೂ ಕೈ ಮುಂದೆ ಚಾಚಿ ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ ಎದುರಿನ ಬಲ್ಬು ನೋಡಲು ಹೇಳಿದರು. ಬಲಗಣ್ಣು ಮುಚ್ಚಿದರೆ ಬಲ್ಬು ಅಲ್ಲೇ ಇತ್ತು. ಎಡಗಣ್ಣು ಮುಚ್ಚಿದರೆ ಇರಲಿಲ್ಲ.

"ನಿಮ್ಮದು ಎಡಗಣ್ಣು ಯಜಮಾನ ಐತಿ ಬಸ್ಸಮ್ಮಕ್ಕ. ಎಡ ಹೆಗಲಿಗೇ ಇಡ್ರಿ. ಯಾರರೆ ಕೇಳಿದ್ರ ನನ್ನ ಹೆಸರು ಹೇಳ್ರಿ."

ಮರುದಿನ ಹವಾಲ್ದಾರರಿಗೆ ಅವಳೇ ತಲೆ ಬಗ್ಗಿಸಿ ಹೇಳಿದಳು. ಅವರು ಯೋಚಿಸಿ, ಅವಳನ್ನು ಸಾಲಿನ ಎಡ ತುದಿಗೆ ಕಳಿಸಿದರು. ಅಲ್ಲಿ ಮಲಗಿ, ಎಡ ಹೆಗಲಿಗೆ ಇಟ್ಟುಕೊಂಡಳು. ಎಂಟನೆಯ ದಿನ ಮೊದಲ ಗುಂಡು. ಆ ಸದ್ದಿಗೆ ನನ್ನ ಕೈಯಲ್ಲಿದ್ದ ಪೆನ್ನು ಬಿತ್ತು. ಸಣ್ಣ ರೈಫಲ್ಲು, ದೊಡ್ಡ ಸದ್ದೇನೂ ಅಲ್ಲವಂತೆ. ದೊಡ್ಡವ್ವ ಹತ್ತು ಗುಂಡು ಹೊಡೆದಳು. ಏಳು ಹಲಗೆಯ ಕರಿ ದುಂಡಿನೊಳಗೆ ಬಿದ್ದವು. ಇಪ್ಪತ್ತೆರಡು ಜನರಲ್ಲಿ ಅವಳದು ಮೂರನೆಯದು. ಕೆಲವರು ಚಪ್ಪಾಳೆ ತಟ್ಟಿದರು. ಅವಳು ಎದ್ದು ಹಲಗೆ ನೋಡಲು ಹೋಗಲಿಲ್ಲ. ಹವಾಲ್ದಾರರನ್ನು ಕೇಳಿದಳು, "ಸಾಹೇಬ್ರ, ಹಲಗಿ ಹಿಂದ ಅಷ್ಟು ದೊಡ್ಡ ಮಣ್ಣಿನ ದಿಬ್ಬ ಯಾಕ ಹಾಕೀರಿ?"

"ಹಲಗಿ ಗುಂಡು ತಡಿಯಂಗಿಲ್ಲಮ್ಮ. ದಿಬ್ಬ ತಡಿತೈತಿ. ಗುರಿ ನೋಡಕ್ಕಿಂತ ಮೊದಲು ಗುರಿ ಹಿಂದ ಏನೈತಿ ನೋಡಬೇಕು."

"ದಿಬ್ಬ ಇಲ್ಲದ ಕಡೆ?"

"ಇಲ್ಲದ ಕಡೆ ಹೊಡಿಬಾರದು."

ಅವಳು ತಲೆ ಆಡಿಸಿದಳು. ಹಂದಿಯನ್ನು ಹೊಡೆಯಲು ಬಂದೂಕಿನ ಲೈಸೆನ್ಸ್ ಸಾಲದು, ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು ಎಂದೂ ಅವತ್ತೇ ತಿಳಿಯಿತು. ಪ್ರಮಾಣಪತ್ರ ತೆಗೆದುಕೊಂಡು ಊರಿಗೆ ಬಂದೆವು. ಬಸ್ಸಿನಲ್ಲಿ ಸಿಂಧನೂರು ದಾಟುವವರೆಗೆ ಅವಳು ಕಿಟಕಿಯಿಂದ ಹೊಲಗಳನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅಪ್ಪ ಕಾಗದ ಹಿಡಿದು ಬಂದರು. ಭತ್ತ ತೆನೆ ಹಿಡಿದಿತ್ತು, ಹಂದಿಗಳು ಆಗಲೇ ಎರಡು ಸಲ ಬಂದುಹೋಗಿದ್ದವು. "ಕಲತು ಬಂದಿಯಲ್ಲ ಅತ್ತಿಗಿ. ಹಾಕು ಸಹಿ."

"ಹೊಲಕ್ಕ ನಡಿ."

ಬಡಿಗೆ ತಂದಿದ್ದಳು. ನನ್ನ ಕಿವಿಯಲ್ಲಿ, "ನೀ ಕಾಲುವಿ ಏರಿ ಮ್ಯಾಲ ಬಸ್ಸಿನ ಕಡಿಂದ ನಡಕೋಂತ ಬಾ, ಸಾವಕಾಶ" ಎಂದು ಕಳಿಸಿದಳು. ಏಕೆ ಎಂದು ನಾನು ಕೇಳಲಿಲ್ಲ. ಹೊಲದಲ್ಲಿ ನಡೆದ ಮಾತನ್ನು ಆಮೇಲೆ ಇಬ್ಬರಿಂದಲೂ ಕೇಳಿ ಬರೆದಿದ್ದೇನೆ. ಇಬ್ಬರೂ ಒಂದೇ ರೀತಿ ಹೇಳಿದರು.

ಹೊಲದ ನಡುವಿನ ಬದುವಿನಲ್ಲಿ ಅಪ್ಪನನ್ನು ನಿಲ್ಲಿಸಿ ಬಡಿಗೆ ಕೈಗೆ ಕೊಟ್ಟಳು.

"ಹಂದಿ ಮೂಡಲ ಕಡಿಂದ ಬಂತು ಅಂತ ತಿಳಿ. ಹಿಡಿ. ಹಂದಿ ಹಿಂದ ಏನೈತಿ?"

"ಆಂಧ್ರದೋರ ಕ್ಯಾಂಪಿನ ಮನಿಗೋಳು."

"ದಕ್ಷಿಣಕ್ಕ?"

"ರಹಿಮಾನನ ಹೊಲ. ಹೆಣ್ಮಕ್ಕಳು ಕಳೆ ತಗಿಯಾಕತ್ತಾರ."

"ಉತ್ತರಕ್ಕ?"

"ನೀರಿನ ಟ್ಯಾಂಕು. ಜನ ಅದಾರ." ಅಪ್ಪನಿಗೆ ಸಿಟ್ಟು ಬಂದಿತ್ತು. "ಹಂದಿ ಯಾವತ್ತೂ ಪಡುವಲ ಮೆಳಿಯಿಂದ ಬರತಾವ ಅತ್ತಿಗಿ, ನಿನಗೂ ಗೊತ್ತೈತಿ."

"ಹಂಗಾರ ಮೆಳಿ ಕಡೆ ಹಿಡಿ."

ಅಪ್ಪ ಹಿಡಿದರು. ನಮ್ಮ ನೆಲ ಚಪ್ಪಟೆ, ದಿಬ್ಬ ಎಂಬುದಿಲ್ಲ. ಜಾಲಿಯ ಮೆಳೆ ಆಳೆತ್ತರ. ಅದರ ಹಿಂದೆ ಕಾಲುವೆಯ ಏರಿ, ಏರಿಯ ಮೇಲೆ ದಾರಿ. ಆ ದಾರಿಯಲ್ಲಿ ನಾನು ಬರುತ್ತಿದ್ದೆ. ಮೆಳೆಯ ಮೇಲೆ ನನ್ನ ತಲೆ, ಹೆಗಲು ಕಾಣುತ್ತಿದ್ದವಂತೆ. ಸುಣ್ಣದ ತುದಿ ನೇರವಾಗಿ ನನ್ನ ಕಡೆ ತಿರುಗಿತ್ತು. ನಾನು ಅಷ್ಟು ದೂರದಿಂದ ಅದನ್ನು ಕಂಡೆ. ಬರೀ ಬಡಿಗೆ ಎಂದು ಗೊತ್ತಿದ್ದೂ ನಾನು ಅಲ್ಲೇ ನಿಂತುಬಿಟ್ಟೆ.

ಅಪ್ಪ ಬಡಿಗೆಯನ್ನು ಕೆಳಗೆ ಹಾಕಿ ಕೆಸರಿನ ಬದುವಿನ ಮೇಲೆ ಕುಳಿತುಬಿಟ್ಟರು. ಆಮೇಲೆ, "ಗಾಳ್ಯಾಗ ಹೊಡದ್ರ?" ಎಂದರಂತೆ. ಕೇಳಬೇಕೆಂದು ಕೇಳಿದ್ದಲ್ಲ, ಬಾಯಿಗೆ ಬಂತು ಅಷ್ಟೇ ಎಂದು ಅಪ್ಪನೇ ನನಗೆ ಹೇಳಿದ್ದು.

"ಕೇಳೀನಿ ಅದನ್ನೂ. ಮ್ಯಾಲ ಹೋದದ್ದು ಎಲ್ಲೋ ಒಂದು ಕಡೆ ಬೀಳತೈತಂತ. ಎಲ್ಲಿ ಬೀಳತೈತಿ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

"ನಮ್ಮಣ್ಣ ಇಪ್ಪತ್ತು ವರ್ಷ ಹೊಡದ್ನಲ್ಲ."

"ಹೊಡದ್ರು. ಯಾರಿಗೂ ತಾಗಲಿಲ್ಲ. ಅದನ್ನ ನೆನಸ್ಕೊಂಡ್ರ ನನಗ ನಿದ್ದಿ ಬರವಲ್ದು ಕರಿಬಸಪ್ಪ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳಂತೆ. "ನನಗ ಹೊಡಿಯಾಕ ಬರತೈತಿ ಈಗ. ಹತ್ತರಾಗ ಏಳು ಬಿದ್ದಾವ. ಈ ಹೊಲದಾಗ ಒಂದೂ ಹೊಡಿಯಾಕ ಜಾಗ ಇಲ್ಲ. ಹೊಸದಕ್ಕೂ ಸಹಿ ಹಾಕಂಗಿಲ್ಲ, ಹಳೇದಕ್ಕೂ ಹಾಕಂಗಿಲ್ಲ. ಠಾಣ್ಯಾಗ ಇರೋದನ್ನ ಮಾರಾಕ ಅರ್ಜಿ ಕೊಡೋಣು. ಕಾಲುವಿ ಕಡೆ ತಂತಿ ಬಲಿ ಹಾಕೋಣು. ಮಂಚಿಗಿ ಕಟ್ಟಿ ಮ್ಯಾಲ ಕುಂತು ಕಾಯೋಣು."

ನಾನು ಹತ್ತಿರ ಬರುವ ಹೊತ್ತಿಗೆ ಅಪ್ಪ ಎದ್ದು ನಿಂತಿದ್ದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡರು. ಹರಿಯಲಿಲ್ಲ. ನನ್ನನ್ನು ನೋಡಿ, "ಬಿಸಲಾಗ ಯಾಕ ಬಂದಿ, ಮನಿಗೆ ನಡಿ" ಎಂದರು. ದಾರಿಯುದ್ದಕ್ಕೂ ನನ್ನ ಪಕ್ಕದಲ್ಲೇ ನಡೆದರು. ಹಾಗೆ ನಡೆಯುವವರಲ್ಲ ಅಪ್ಪ, ಯಾವಾಗಲೂ ಹತ್ತು ಹೆಜ್ಜೆ ಮುಂದೆ ಇರುತ್ತಾರೆ.

ಊರಿನಲ್ಲಿ ಈಗ ದೊಡ್ಡವ್ವನನ್ನು ನೋಡಿ ನಗುತ್ತಾರೆ. ಹತ್ತು ದಿನ ಬಸ್ಸಿಗೆ ಅಲೆದು ಬಂದೂಕು ಕಲಿತು ಬಂದೂಕೇ ಬೇಡ ಎಂದವಳು ಎನ್ನುತ್ತಾರೆ. ಹಿಟ್ಟಿನ ಗಿರಣಿಯಲ್ಲಿ ಒಬ್ಬರು ನನ್ನೆದುರಿಗೇ ಅಂದರು. ನನಗೆ ಹೇಳಲು ಮಾತು ಇತ್ತು, ಆದರೆ ಹಿಟ್ಟಿನ ಚೀಲ ಹೊತ್ತು ಮನೆಗೆ ಬಂದೆ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಅವಳು ಕಲಿಯದೆ ಸಹಿ ಹಾಕಿದ್ದರೆ ಅಪ್ಪ ಈಗ ಆ ಬದುವಿನ ಮೇಲೆ ನಿಜವಾದ ಬಂದೂಕು ಹಿಡಿದು ನಿಂತಿರುತ್ತಿದ್ದರು. ಏರಿಯ ಮೇಲೆ ಯಾರು ಬರುತ್ತಿದ್ದರೋ ಗೊತ್ತಿಲ್ಲ.

ಮಾರುವ ಅರ್ಜಿಯನ್ನು ದೊಡ್ಡವ್ವ ಹೇಳಿದಂತೆ ಬರೆದು ಮುಗಿಸಿದ್ದೇನೆ. ಅವಳು ಸಹಿ ಹಾಕಿದ್ದಾಳೆ. ನಾಳೆ ಬೆಳಿಗ್ಗೆ ಎಂಟರ ಬಸ್ಸಿಗೆ ಅವಳ ಜೊತೆ ಸಿಂಧನೂರಿಗೆ ಹೋಗಿ ಅದನ್ನು ಕೊಟ್ಟು, ತಂತಿ ಬಲೆಯ ದರ ಕೇಳಿಕೊಂಡು ಸಂಜೆಯೊಳಗೆ ಮರಳಿ ಬರುತ್ತೇನೆ.